ಹೊಗೆಯೊಳಗೆ ಹುಡುಕಿದವರು

ಅವರ ಅಂಗಿಯ ತೋಳುಗಳಿಂದ ಸದಾ ಹುಳಿತ ಹಾಲಿನ ವಾಸನೆ ಬರುತ್ತಿತ್ತು. ಬಾಲಾನಗರದ ನಮ್ಮ ಪ್ರಯೋಗಾಲಯದಲ್ಲಿ ಮಂಚದುದ್ದದ ಗಾಜಿನ ತೊಟ್ಟಿಯೊಂದಿತ್ತು. ಅದರ ನೀರಿಗೆ ಹಾಲು ಸುರಿದು, ಮೊಣಕೈವರೆಗೆ ಕೈ ಅದ್ದಿ ಕದಡುವುದು ಅವರ ದಿನದ ಮೊದಲ ಕೆಲಸ. ಆ ಮಬ್ಬು ನೀರೇ ನಮ್ಮ ಪ್ರಯೋಗದ ಹೊಗೆ.

ಅವರು ನನ್ನ ಮೇಲಧಿಕಾರಿ, ರಾಯಚೂರು ಕಡೆಯವರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ನನ್ನನ್ನು "ತಂಗಿ" ಎನ್ನುತ್ತಿದ್ದರು. ಹೊಗೆಯಲ್ಲಿ ಸಿಕ್ಕಿಬಿದ್ದವರು ಎಲ್ಲಿದ್ದಾರೆಂದು ಬೆಳಕಿನಿಂದಲೇ ಕರಾರುವಾಕ್ಕಾಗಿ ಹೇಳುವ ಉಪಕರಣ ಮಾಡಬೇಕೆಂಬುದು ಅವರ ಹಟ. ಬೆಳಕಿನ ಕಣಗಳನ್ನು ಅವಳಿಗಳಾಗಿ ಹುಟ್ಟಿಸಿ, ಒಂದನ್ನು ನಮ್ಮಲ್ಲೇ ಉಳಿಸಿಕೊಂಡು ಇನ್ನೊಂದನ್ನು ಹೊಗೆಯೊಳಗೆ ಕಳಿಸುತ್ತಿದ್ದೆವು. ಕಳಿಸಿದ್ದು ಎದುರಿನದಕ್ಕೆ ತಾಗಿ ಮರಳಿದ ಹೊತ್ತನ್ನು, ಉಳಿಸಿಕೊಂಡ ಅವಳಿಯ ಹೊತ್ತಿನೊಂದಿಗೆ ಹೋಲಿಸಿದರೆ ದೂರ ತಿಳಿಯಬೇಕು. ಆದರೆ ಕಣಗಳು ಹೊಗೆಯಲ್ಲಿ ಚದುರಿ, ಸುತ್ತುಬಳಸಿ ತಡವಾಗಿ ಬಂದು ತಪ್ಪು ದೂರ ತೋರಿಸುತ್ತಿದ್ದವು. ನೇರವಾಗಿ ಬರುವವು ತೀರ ವಿರಳ; ಅವು ಸಾಕಷ್ಟು ಸಿಗಲು ತಾಸುಗಟ್ಟಲೆ ಎಣಿಸಬೇಕಿತ್ತು.

"ನಾಕ್ ತಾಸು ಎಣಿಸಿದ್ರ ಜಾಗಾ ಸಿಗತೈತಿ ತಂಗಿ," ಎಂದರೊಮ್ಮೆ. "ಹೊಗಿಯೊಳಗ ಬಿದ್ದಾಂವ ನಾಕ್ ತಾಸು ಕಾಯ್ತಾನೇನು?"

ಅವರ ತಮ್ಮ ಪಕ್ಕದ ಜೀಡಿಮೆಟ್ಲಾದಲ್ಲಿ ಬೆಂಕಿ ಅನಾಹುತವೊಂದರಲ್ಲಿ ತೀರಿಕೊಂಡಿದ್ದ. ಹುಡುಕಲು ಹೋದವರು ಅವನಿಂದ ಎರಡು ಮಾರು ದೂರದಲ್ಲೇ ಹಾದುಹೋಗಿದ್ದರಂತೆ.

ಸಾಫ್ಟ್‌ವೇರ್ ಕಂಪನಿಗಳು ಕರೆಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ನಮ್ಮ ಆರು ಜನರಲ್ಲಿ ನಾಲ್ವರು ಬಿಟ್ಟುಹೋದರು. ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ದೆಹಲಿಯಿಂದ ಅಧಿಕಾರಿಗಳು ಬಂದರು. ಅಂದು ತೊಟ್ಟಿ ಸಿದ್ಧಮಾಡಿದವಳು ನಾನು. ನಮ್ಮ ಸರ್ ಪಡುತ್ತಿದ್ದ ಕಷ್ಟ ನೋಡಲಾರದೆ, ಮಬ್ಬು ತೆಳುವಾದರೆ ಉಪಕರಣ ಗೆಲ್ಲುತ್ತದೆಂದು ಅರ್ಧದಷ್ಟೇ ಹಾಲು ಹಾಕಿದ್ದೆ.

ಅಧಿಕಾರಿಯೊಬ್ಬರು ನಮಗೆ ಕಾಣದಂತೆ ಹಿತ್ತಾಳೆಯ ತುಂಡೊಂದನ್ನು ಮುಳುಗಿಸಿದರು. ಹತ್ತೇ ನಿಮಿಷದಲ್ಲಿ ಉಪಕರಣ ಸರಿಯಾದ ಜಾಗ ತೋರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಸರ್ ಮಾತ್ರ ಬಗ್ಗಿ ತೊಟ್ಟಿಯನ್ನೇ ನೋಡಿದರು. ಆಮೇಲೆ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿದೆ.

"ಜರಾ ತಡೀರಿ ಸಾಹೇಬ್ರ, ಹಾಲು ಕಮ್ಮಿ ಬಿದ್ದೈತಿ," ಎಂದು ಉಳಿದದ್ದನ್ನು ತಾವೇ ಸುರಿದರು. ಈ ಸಲ ಅದೇ ಹತ್ತು ನಿಮಿಷದಲ್ಲಿ ಉಪಕರಣ ತೋರಿಸಿದ ಜಾಗ ಒಂದು ಗೇಣು ತಪ್ಪಿತು.

ಅವರೆಲ್ಲ ಹೋದಮೇಲೆ ನಾನು ಅಳುತ್ತಾ ಕೇಳಿದೆ, "ಯಾಕೆ ಸರ್ ಹೀಗೆ ಮಾಡಿದಿರಿ?"

"ಇದನ್ನ ನಂಬಿ ನಾಳೆ ಒಬ್ಬಾಂವ ಹೊಗಿಯೊಳಗ ಹೊಗ್ತಾನ. ಅಂವನೂ ಯಾರದರ ತಮ್ಮ ಇರ್ತಾನಲ್ಲ ತಂಗಿ."

ಹಾಲು ಕಡಿಮೆ ಹಾಕಿದ್ದು ನಾನೆಂದು ಅವರು ಯಾರಿಗೂ ಹೇಳಲಿಲ್ಲ. ಯೋಜನೆ ನಿಂತಿತು. ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ನಾನೂ ಬೇಗಂಪೇಟೆಯ ಒಂದು ಕಂಪನಿ ಸೇರಿದೆ. ನಾನು ನೋಡಲು ಹೋದಾಗಲೆಲ್ಲ ಅವರು ಮನೆಯಲ್ಲಿ ಹಳೆಯ ಸಮೀಕರಣಗಳನ್ನೇ ತಿದ್ದುತ್ತಾ ಕೂತಿರುತ್ತಿದ್ದರು. "ಎಲ್ಲಾ ದಾರೀನೂ ಆ ನಾಕ್ ತಾಸಿಗೇ ಬಂದು ನಿಂದರ್ತಾವ," ಎನ್ನುತ್ತಿದ್ದರು.

ಕೊನೆಗೆ ಅವರನ್ನು ಕಂಡದ್ದು ಆಸ್ಪತ್ರೆಯಲ್ಲಿ. ದನಿ ಉಡುಗಿತ್ತು. "ಯಾರರ ಆ ಕೆಲಸ ಮಾಡಾಕತ್ತಾರೇನು?" ಎಂದು ಕೇಳಿದರು. ಅವರ ಹೆಂಡತಿ ಹಿಂದಿನಿಂದ ನನ್ನ ಭುಜ ಒತ್ತಿದರು, ಹೌದೆನ್ನು ಎಂಬಂತೆ.

"ಇಲ್ಲ ಸರ್. ಯಾರೂ ಇಲ್ಲ," ಎಂದೆ.

"ಛಲೋ ಆತು, ಖರೇ ಹೇಳಿದಿ," ಎಂದು ಅವರು ಗೋಡೆಯ ಕಡೆ ಹೊರಳಿ ಮಲಗಿದರು.