ಮೊತ್ತಾಯಿನಾಯಿ ಅಂದ್ರೆ ನಾಯಿಯಲ್ಲ

ಶಿಡ್ಲಘಟ್ಟದಲ್ಲಿ ಮುರಳಿಮೋಹನ್ ಮನೆ ಎಲ್ಲಿ ಎಂದು ಕೇಳಿದರೆ ಯಾವ ಮುರಳಿ ಎಂದು ಮರುಪ್ರಶ್ನೆ ಹಾಕುತ್ತಾರೆ. ಜಪಾನ್ ಮುರಳಿ ಎಂದರೆ ಬಾಗಿಲವರೆಗೂ ಕರೆದುಕೊಂಡು ಹೋಗಿ ಬಿಡುತ್ತಾರೆ. ಹಾಗೆಂದು ಅವನೇನು ಜಪಾನ್ ಕಂಡವನಲ್ಲ. ಅವನು ಹತ್ತಿದ ಬಸ್ಸು ಬೆಂಗಳೂರು ದಾಟಿದ್ದೇ ಇಲ್ಲ.

ರೇಷ್ಮೆ ಕಚೇರಿಯೊಂದರಲ್ಲಿ ಅವನು ಸಣ್ಣ ನೌಕರ. ಮೂರು ತಿಂಗಳು ಭಾನುವಾರ ಬಿಡದೆ ಬೆಂಗಳೂರಿಗೆ ಹೋಗಿ ಜಪಾನಿ ಕಲಿತು, ನೀಲಿ ನೋಟ್‌ಬುಕ್ ಒಂದನ್ನು ತುಂಬಿಸಿಕೊಂಡು ಬಂದ. ಎಡಗಡೆ ಜಪಾನಿ, ಬಲಗಡೆ ಇಂಗ್ಲಿಷ್, ಮಧ್ಯೆ ಲೆಕ್ಕದ ಮೇಷ್ಟ್ರು ಹಾಕುವಂಥ ಸಮ ಚಿಹ್ನೆ. ‘ಇಂಗ್ಲಿಷಲ್ಲಿ ಇಲ್ದೇ ಇರೋ ಪದ ಪ್ರಪಂಚದಲ್ಲೇ ಇಲ್ಲ ಕಣಪ್ಪ’ ಎಂದು ಟೀ ಅಂಗಡಿಯಲ್ಲಿ ಸಾರುತ್ತಿದ್ದ. ಕೇಳುವವರಿಗೆ ಎರಡೂ ಬಾರದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

2003ರಲ್ಲಿ ಮೊರಿತಾ ಎಂಬ ಜಪಾನಿನ ರೇಷ್ಮೆ ತಜ್ಞರು ಊರಿಗೆ ಬರುವುದೆಂದಾಯಿತು. ಸಾಹೇಬರಾದ ವೆಂಕಟರವಣಪ್ಪ ಮುರಳಿಯನ್ನು ಕರೆದು, ‘ಜಪಾನಲ್ಲಿ ಟ್ರೈನಿಂಗು, ಒಂದೇ ಒಂದು ಸೀಟು. ಅವರ ಮಾತನ್ನ ಸರಿಯಾಗಿ ತಿಳಿಸ್ಕೊಟ್ರೆ ನಿನ್ನ ಹೆಸರೇ’ ಎಂದರು. ಮುರಳಿ ಅವತ್ತೇ ಚಿಕ್ಕಬಳ್ಳಾಪುರಕ್ಕೆ ಹೋಗಿ ದಪ್ಪ ಸ್ವೆಟರ್ ಕೊಂಡು ತಂದ. ಅದನ್ನು ಹಾಕಿಕೊಂಡೇ ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಓಡಾಡಿದನಂತೆ, ಅಭ್ಯಾಸವಾಗಲಿ ಎಂದು!

ಅತಿಥಿಗಳನ್ನು ಆಂಜಿನಮ್ಮ ಕೆಲಸ ಮಾಡುವ ನೂಲು ತೆಗೆಯುವ ಶೆಡ್ಡಿಗೆ ಕರೆದೊಯ್ದರು. ಮೂವತ್ತು ವರ್ಷ ಬಿಸಿನೀರಲ್ಲಿ ಆಡಿ ಬೆರಳು ಬೆಳ್ಳಗೆ ನೆನೆದುಹೋಗಿದ್ದ ಹೆಂಗಸು ಆಕೆ. ಬೇಯುವ ರೇಷ್ಮೆಗೂಡಿನ ಎಳೆಯನ್ನು ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಿದ್ದಳು. ಮೊರಿತಾ ತಲೆದೂಗುತ್ತಾ ನೋಡಿದರು. ಆಮೇಲೆ ಕಸದ ಬುಟ್ಟಿಯ ಕಡೆ ಅವರ ಕಣ್ಣು ಹೋಯಿತು. ಸತ್ತ ಹುಳಗಳ ನಡುವೆ ಒಂದು ಒಳ್ಳೆಯ ಗೂಡು ಬಿದ್ದಿತ್ತು.

‘ಮೊತ್ತಾಯಿನಾಯಿ!’ ಎಂದರು.

ಗರಗರ ಎನ್ನುತ್ತಿದ್ದ ರಾಟೆ ನಿಂತಿತು.

‘ಯಾರ್ನ ನಾಯಿ ಅಂದಿದ್ದು?’ ಆಂಜಿನಮ್ಮ ಎದ್ದು ನಿಂತಳು.

ಮುರಳಿ ನೋಟ್‌ಬುಕ್ ತಿರುವಿ ತಿರುವಿ ಕೊನೆಗೆ ಪದ ಹಿಡಿದ. ಸಮ ಚಿಹ್ನೆಯ ಆಚೆ ‘ವೇಸ್ಟ್’ ಎಂದಿತ್ತು. ‘ನಾಯಿ ಅಲ್ಲ ಕಣಮ್ಮ. ನಿಮ್ದು ವೇಸ್ಟ್ ಅಂತಿದಾರೆ, ಅಷ್ಟೇ’ ಎಂದು ಸಮಾಧಾನ ಹೇಳಿದ.

ಅಯ್ಯೋ ಶಿವನೇ! ನಮ್ಮೂರಲ್ಲಿ ನಾಯಿ ಅಂದವರನ್ನಾದರೂ ಕ್ಷಮಿಸುತ್ತಾರೆ, ವೇಸ್ಟ್ ಅಂದವರನ್ನು ಬಿಡುತ್ತಾರೆಯೇ?

‘ಏಮಿರಾ ಇದಿ! ಏನಿದು, ನಾನು ವೇಸ್ಟಾ? ಮೂವತ್ತು ವರ್ಷ ಕೈ ಬೇಯಿಸ್ಕೊಂಡಿದೀನಿ ಮುರಳಪ್ಪ. ಆ ಯಪ್ಪಂಗೆ ಈ ನೀರಲ್ಲಿ ಒಂದೇ ಒಂದು ಬೆರಳು ಅದ್ದಕ್ಕೆ ಹೇಳು, ನೋಡಣ!’

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. ಮುರಳಿ ಸ್ವೆಟರಿನ ಬಿಲ್ಲು ಇದೆಯೇ ಎಂದು ಜೇಬು ತಡಕಿದ.

ಮೊರಿತಾ ಅವರಿಗೆ ಈ ರಾದ್ಧಾಂತದ ತಲೆಬುಡ ತಿಳಿಯಲಿಲ್ಲ. ಅವರು ಕುಕ್ಕರಗಾಲಲ್ಲಿ ಕೂತು ಗೂಡನ್ನು ಎತ್ತಿಕೊಂಡರು. ತಮ್ಮ ಬಿಳೀ ಶರಟಿಗೆ ಒರೆಸಿ, ಎರಡೂ ಅಂಗೈಯಲ್ಲಿಟ್ಟು, ತಲೆ ಬಗ್ಗಿಸಿ ಆಂಜಿನಮ್ಮನ ಮುಂದೆ ಹಿಡಿದರು. ಅವಳು ಗೂಡನ್ನು ನೋಡಿದಳು, ಅವರ ಮುಖ ನೋಡಿದಳು. ಸಿಟ್ಟು ಜರ್ರನೆ ಇಳಿಯಿತು. ಗೂಡನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು.

‘ಥೂ, ನಾನೇ ತಪ್ಪು ತಿಳ್ಕೊಂಡೆ. ಅನ್ನ ತುಳಿದ್ರೆ ಕಣ್ಣಿಗೊತ್ಕೊಳ್ಳಲ್ವಾ ನಾವು? ಅದೇ ಕಣಪ್ಪ ಇದು. ಹುಳ ಜೀವ ಕೊಟ್ಟು ಕಟ್ಟಿರೋದನ್ನ ಬಿಸಾಕಿದ್ರೆ ಅನ್ಯಾಯ ಅಲ್ವಾ ಅಂತಿದಾನೆ, ಪಾಪ.’

ಕಣ್ಣಿಗೊತ್ತಿಕೊಂಡದ್ದನ್ನು ಕಂಡು ಮೊರಿತಾ ‘ಹಾಯ್, ಹಾಯ್’ ಎಂದು ಹಿಗ್ಗಿದರು. ಜಪಾನಿಯಲ್ಲಿ ಹಾಗೆಂದರೆ ‘ಹೌದು’. ಆಂಜಿನಮ್ಮನೂ ‘ಹಾಯ್’ ಎಂದು ಕೈ ಬೀಸಿದಳು.

ಅತಿಥಿಗಳು ಜೀಪಿನಲ್ಲಿ ಕೂತ ಮೇಲೆ ಸಾಹೇಬರು ಶೆಡ್ಡಿನಲ್ಲಿದ್ದ ಮುರಳಿಯ ಬಳಿಗೆ ಹಿಂದಿರುಗಿ ಬಂದರು. ‘ನೀನು ವೇಸ್ಟ್ ಕಣಯ್ಯ. ನಿನ್ನ ಹೆಸರು ಹೊಡೆದುಹಾಕ್ತೀನಿ. ಇನ್ನೇನು ಮಾಡೋದು, ಕಷ್ಟಪಟ್ಟು ನಾನೇ ಹೋಗ್ಬೇಕು. ಅಂದಹಾಗೆ ಆ ಸ್ವೆಟರ್ ಯಾವ ಅಂಗಡೀದು?’

ಮುರಳಿಯ ಮೂರು ತಿಂಗಳ ಭಾನುವಾರಗಳು ಕಸದ ಬುಟ್ಟಿಗೆ ಬಿದ್ದಿದ್ದವು.

‘ಬಿಡ್ತು ಅನ್ನಿ ಸಾಮಿ!’ ರಾಟೆಯ ಮುಂದಿನಿಂದ ಆಂಜಿನಮ್ಮ ಕೂಗಿದಳು. ‘ಕಷ್ಟಪಟ್ಟು ಕಲ್ತಿರೋ ಮಗ. ಮೊತ್ತಾಯಿನಾಯಿ!’

‘ಯಾರಿಗಮ್ಮ ನಾಯಿ ಅಂದಿದ್ದು?’ ಸಾಹೇಬರು ಹೌಹಾರಿ ಮುರಳಿಯ ಕಡೆ ತಿರುಗಿದರು. ‘ಏನಯ್ಯ ಹಂಗಂದ್ರೆ? ಇಂಗ್ಲಿಷಲ್ಲಿ ಹೇಳು.’

ಮುರಳಿ ನೋಟ್‌ಬುಕ್ ತೆರೆಯಲಿಲ್ಲ. ಬುಟ್ಟಿಗೆ ಬಿದ್ದವನನ್ನು ಯಾರೋ ಎತ್ತಿ ಕಣ್ಣಿಗೊತ್ತಿಕೊಂಡಂತಾಗಿ ಅವನ ಕಣ್ಣು ತುಂಬಿತ್ತು.

‘ಇಂಗ್ಲಿಷಲ್ಲಿ ಇಲ್ಲ ಸಾರ್’ ಎಂದ.