ಒಂದು ದಿನ ಹಳೆಯ ಬೀಜ

ಹಲಸಿಯ ಉಳವಪ್ಪ ಬೆಳಗಾವಿಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೊಂದು ವರ್ಷದಿಂದ ಗಾಜಿನ ಪಾತ್ರೆ ತೊಳೆಯುತ್ತಿದ್ದಾನೆ. ಅಷ್ಟೂ ವರ್ಷ ಗುತ್ತಿಗೆಯ ನೌಕರಿ. ಅವನು ಆ್ಯಸಿಡ್ ಹಾಕಿ ತೊಳೆದ ಫ್ಲಾಸ್ಕಿನಲ್ಲಿ ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹಾಸಿಕೊಂಡು ಜಾರುತ್ತದೆ. ಸ್ವಚ್ಛತೆಯ ಆ ಗುರುತನ್ನು ಬೆಳಕಿಗೆ ಹಿಡಿದು ನೋಡುವಾಗ ಅವನ ಮುಖ ಮೆತ್ತಗಾಗುತ್ತದೆ. ಡಾಕ್ಟರ್ ಬಸವಪ್ರಸಾದರನ್ನು ನೋಡುವಾಗ ಹಾಗಾಗುವುದಿಲ್ಲ.

ಬಸವಪ್ರಸಾದರು ವಿಭಾಗದ ಮುಖ್ಯಸ್ಥರು. ರಾಮತೀರ್ಥ ನಗರದಿಂದ ಕಾರಿನಲ್ಲಿ ಬಂದು, ಚಿನ್ನದ ನ್ಯಾನೊಕಣಗಳ ಆಕಾರದ ಬಗ್ಗೆ ಭಾಷಣ ಬಿಗಿದು, ಕೈಗೆ ಒಂದು ಹನಿ ತಾಗಿಸಿಕೊಳ್ಳದೆ ಹೋಗುವವರು. ಕೆಲಸ ಮಾಡುವವಳು ಖಾನಾಪುರದ ಸಂಶೋಧಕಿ ಸಾನಿಕಾ. ಮೊದಲು ಚಿನ್ನದ ಸೂಕ್ಷ್ಮ ಬೀಜಗಳ ದ್ರಾವಣ. ಅದರ ಕೆಲವು ಹನಿಗಳನ್ನು ಇನ್ನೊಂದು ದ್ರಾವಣಕ್ಕೆ ಬಿಟ್ಟರೆ ಬೀಜಗಳು ಕಡ್ಡಿಗಳಾಗಿ ಬೆಳೆದು ನೀರು ನೀಲಿಯಾಗುತ್ತದೆ. ಆದರೆ ಬೀಜ ತಾಜಾ ಇರಬೇಕು. ಕೆಲವು ತಾಸು ಮೀರಿದರೆ ಕಡ್ಡಿ ಬರುವುದಿಲ್ಲ, ಬರೀ ಗುಂಡು, ನೀರು ಕೆಂಪು.

ಖಂಡೇ ನವಮಿಯ, ಅಂದರೆ ಆಯುಧಪೂಜೆಯ ದಿನ ಮುಹೂರ್ತ ಚೆನ್ನಾಗಿದೆಯೆಂದು ಸಾಹೇಬರು ಬೆಳಿಗ್ಗೆ ಎಂಟಕ್ಕೇ ಬೀಜ ಮಾಡಿಸಿದರು. ಆಮೇಲೆ ಬೀಜದ ಫ್ಲಾಸ್ಕೂ ಸೇರಿ ಉಪಕರಣಗಳಿಗೆಲ್ಲ ವಿಭೂತಿ ಹಚ್ಚಿ ಪೂಜೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

“ಸರ್, ಬೀಜ ನಾಳಿತನ ತಡಿಯಂಗಿಲ್ರಿ,” ಅಂದ ಉಳವಪ್ಪ.

“ನಿಂದು ಪಿಎಚ್‌ಡಿ ಯಾವಾಗ ಮುಗೀತೋ ಉಳವಪ್ಪಾ?” ಸಾಹೇಬರ ಬಾಯಲ್ಲಿ ಪೂಜೆಯ ಸಿಹಿ ಕುಂದಾ ಇತ್ತು.

ದಶಮಿಯಂದು, ರಜೆಯಿದ್ದರೂ, ಎಲ್ಲರನ್ನೂ ಕರೆಸಿ ಅದೇ ಬೀಜ ಹಾಕಿಸಿದರು. ನೀರು ಕೋಕಂ ಶರಬತ್ತಿನಂತೆ ಕೆಂಪಾಯಿತು.

“ಖರೇ ಗುಂಡು ಆದ್ವು ನೋಡ್ರಿ ಕಾಕಾ,” ಸಾನಿಕಾ ಪಿಸುಗುಟ್ಟಿದಳು, “ಸಾಹೇಬ್ರ ತಲಿ ಇದ್ದಂಗ.”

ಇನ್ನು ಮೂರು ದಿನಕ್ಕೆ ವಿಭಾಗದ ಪ್ರಯೋಗಗಳನ್ನು ನೋಡಲು ತಪಾಸಣೆಯವರು ಬರುವವರಿದ್ದರು. ಬಸವಪ್ರಸಾದರು ಉಳವಪ್ಪನನ್ನು ಕರೆದು ಪ್ರಯೋಗದ ರಿಜಿಸ್ಟರ್ ಮುಂದೆ ಸರಿಸಿದರು. “ಫ್ಲಾಸ್ಕ್ ಹೊಲಸ ಇತ್ತು ಅಂತ ಬರದು ಸಹಿ ಮಾಡು. ನಿನ್ನ ಗುತ್ತಿಗಿ ಮುಂದುವರ್ಸೋ ಕಾಗದ ನನ್ನ ಟೇಬಲ್ ಮ್ಯಾಗ ಐತಿ, ಇನ್ನಾ ಸಹಿ ಮಾಡಿಲ್ಲ, ಮರೀಬ್ಯಾಡ.”

ಪೀರನವಾಡಿಯ ಬಾಡಿಗೆ ಮನೆ, ಮಂಡಿನೋವಿನ ಹೆಂಡತಿ ರೇಣವ್ವ, ಐವತ್ತರ ಹತ್ತಿರ ಬಂದ ತನ್ನ ವಯಸ್ಸು, ಎಲ್ಲ ಅವನ ಕಣ್ಣ ಮುಂದೆ ಬಂದವು. ಹೊರಗೆ ಇನ್ಯಾರೂ ಕೆಲಸ ಕೊಡುವುದಿಲ್ಲ. ಆದರೂ ಭಯಕ್ಕಿಂತ ಹೇಸಿಗೆಯೇ ಹೆಚ್ಚಾಯಿತು. ಇಷ್ಟು ಓದಿದ ಮನುಷ್ಯನಿಗೆ ಅಡಗಿಕೊಳ್ಳಲು ತಾನು ತೊಳೆದ ಫ್ಲಾಸ್ಕೇ ಬೇಕಾಯಿತೇ?

ನಿಧಾನವಾಗಿ ಬರೆದ: ಬೀಜ ಮಾಡಿದ್ದು ನವಮಿ, ಬೆಳಿಗ್ಗೆ ಎಂಟು. ಹಾಕಿದ್ದು ದಶಮಿ, ಹನ್ನೊಂದು. ಫ್ಲಾಸ್ಕ್ ಸ್ವಚ್ಛವಿತ್ತು. ಸಹಿ ಮಾಡಿ, ರಿಜಿಸ್ಟರನ್ನು ಸಾಹೇಬರ ಕಡೆಗೆ ತಿರುಗಿಸಿದ.

“ಕೆಳಗ ನಿಮ್ಮ ಸಹಿಗೂ ಜಾಗಾ ಬಿಟ್ಟೀನ್ರಿ ಸರ್. ಆ ಗುತ್ತಿಗಿ ಕಾಗದಕ್ಕ ಮಾಡ್ರಿ, ಬಿಡ್ರಿ. ಇದಕ್ಕ ಮಾತ್ರ ಮಾಡ್ರಿ.”