ಸಜ್ಜಿರೊಟ್ಟಿಗೆ ಬಂದ ಫೋನು

ನನ್ನ ಕುತ್ತಿಗೆಯ ಮೇಲೆ, ಎರಡೂ ಮೊಣಕೈಗಳ ಮೇಲೆ ಬಿಳಿ ಕಲೆಗಳಿವೆ. ಶಾಲೆಯ ದಿನಗಳಿಂದಲೂ ಇವೆ. ಗೋಡೆಗಳ ಮೇಲಿನ ‘ಸಫೇದ್ ದಾಗ್‌ಗೆ ಶರ್ತಿಯಾ ಇಲಾಜು’, ಅಂದರೆ ಬಿಳಿ ಕಲೆಗೆ ಖಾತ್ರಿ ಮದ್ದು, ಎಂಬ ಜಾಹೀರಾತುಗಳನ್ನು ಓದುತ್ತ ಓದುತ್ತಲೇ ಅಕ್ಷರ ಗಟ್ಟಿ ಮಾಡಿಕೊಂಡವಳು ನಾನು. ಈಗ ಅದರ ಬಗ್ಗೆ ನಾಚಿಕೆಯಿಲ್ಲ, ಸಿಟ್ಟಿದೆ. ಆದರೆ ನಾಚಿಕೆಯಲ್ಲೇ ಬದುಕುವ ಎಷ್ಟೋ ಹೆಣ್ಣುಮಕ್ಕಳನ್ನು ಬಲ್ಲೆ. ಅವರಿಗಾಗಿ ನಾನೂ ನನ್ನ ಗೆಳತಿಯೂ ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ಮಾತುಕತೆಯ ವೇದಿಕೆ ಕಟ್ಟಿದ್ದೆವು. ಗೆಳತಿಯ ಬೆರಳ ತುದಿಗಳೂ ಬಿಳಿಯೇ.

ಅಲ್ಲಿ ಯಾರೂ ನಿಜ ಹೆಸರು ಹೇಳುವಂತಿರಲಿಲ್ಲ. ತಿನಿಸಿನ ಹೆಸರು ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಶೇಂಗಾ ಹೋಳಿಗೆ ಇದ್ದಳು, ಪುಂಡಿಪಲ್ಯ ಇದ್ದಳು. ಸೇರುವಾಗ ಒಂದು ಫೋನ್ ನಂಬರು ಕೊಡಬೇಕಿತ್ತು. ನಾನು ಒಮ್ಮೆ ಮಾತಾಡಿಸಿ, ಹೆಣ್ಣುಮಗಳೇ ಎಂದು ಖಾತ್ರಿ ಮಾಡಿಕೊಂಡು, ಇನ್ನು ಮೇಲೆ ಈ ನಂಬರಿಗೆ ಯಾರೂ ಫೋನ್ ಮಾಡುವುದಿಲ್ಲ ಎಂದು ಮಾತು ಕೊಡುತ್ತಿದ್ದೆ. ಆ ನಂಬರುಗಳು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ.

ಕಮಲಾಪುರದ ಹುಡುಗಿಯೊಬ್ಬಳು ತನ್ನ ಊರಿನ ಹಣ್ಣಿನ ಹೆಸರನ್ನೇ ಇಟ್ಟುಕೊಂಡಿದ್ದಳು, ಕೆಂಪುಬಾಳೆ. ಅವಳ ಕಲೆ ಸೊಂಟದ ಮೇಲಿತ್ತು. ಅವ್ವನಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಗ್ನ ಗೊತ್ತಾಗಿತ್ತು. ಹುಡುಗನಿಗೆ ಈ ವಿಷಯ ತನ್ನ ಬಾಯಿಂದಲೇ ತಿಳಿಯಬೇಕೆಂಬುದು ಅವಳ ಹಟ. ಹೇಗೆ ಹೇಳಲಿ, ಯಾವ ಮಾತಿನಿಂದ ಶುರು ಮಾಡಲಿ ಎಂದು ನಮ್ಮನ್ನೆಲ್ಲ ಕೇಳುತ್ತಿದ್ದಳು. ನಾವೆಲ್ಲ ಸೇರಿ ಆ ಮಾತುಗಳನ್ನು ಎಷ್ಟು ತಿದ್ದಿದ್ದೆವೋ.

ಅಷ್ಟರಲ್ಲಿ ವೇದಿಕೆ ಇದ್ದ ಹಳೆಯ ಸರ್ವರ್ ಮೇಲಿಂದ ಮೇಲೆ ನಿಲ್ಲತೊಡಗಿತು. ಹೊಸದಕ್ಕೆ ಹೋಗೋಣ ಎಂದವಳು ಗೆಳತಿಯೇ. ಒಂದು ಭಾನುವಾರ ಕುಸನೂರಿನ ಅವಳ ಮನೆಯಲ್ಲಿ ಮಿರ್ಚಿ ಭಜಿ ಇಟ್ಟುಕೊಂಡು ಕೂತೆವು. ವೇದಿಕೆಯ ತಂತ್ರಾಂಶ ಓಡುವುದು ಕಂಟೇನರ್ ಎಂಬ ಡಬ್ಬಿಯೊಳಗೆ. ಡಬ್ಬಿಯನ್ನು ಯಾವ ಸರ್ವರಿನಲ್ಲಾದರೂ ಹೊಸದಾಗಿ ಇಳಿಸಿಕೊಳ್ಳಬಹುದು. ಜನ ಬರೆದದ್ದು, ಫೋಟೊ, ನಂಬರು ಮಾತ್ರ ಡಬ್ಬಿಯ ಹೊರಗೆ ಬೇರೆ ಇರುತ್ತವೆ. ಅವನ್ನು ಜೋಪಾನವಾಗಿ ಹೊತ್ತು ತರಬೇಕು. ಹೊಸ ಸರ್ವರಿನಲ್ಲಿ ಮೊದಲ ಸಲ ಚಾಲೂ ಮಾಡಿದಾಗ ಪರದೆಯ ಮೇಲೆ ಒಬ್ಬರೂ ಇರಲಿಲ್ಲ. ನಾನು ಮತ್ತೆ ಮತ್ತೆ ಪುಟ ತೆರೆದು ನೋಡಿದೆ.

‘ಯಾಕ ಅಂಜ್ತಿ? ಡಬ್ಬಿ ಬಂದದ, ಬ್ಯಾಳಿ ಇನ್ನಾ ಬಂದಿಲ್ಲ’ ಎಂದು ಗೆಳತಿ ನಕ್ಕಳು.

ಹಳೆಯದರ ಬ್ಯಾಕಪ್ಪನ್ನು, ಅಂದರೆ ಎಲ್ಲದರ ನಕಲನ್ನು, ತಂದು ಸುರಿದ ಮೇಲೆ ಎಲ್ಲರೂ ಬಂದರು. ಹೊಸಬರು ಸೇರಲು ಆಗುತ್ತದೋ ಇಲ್ಲವೋ ನೋಡೋಣವೆಂದು ನಾನು ಸಜ್ಜಿರೊಟ್ಟಿ ಎಂಬ ಸುಳ್ಳು ಸದಸ್ಯೆಯನ್ನು ಸೇರಿಸಿ, ನಮ್ಮಪ್ಪನ ನಂಬರು ಕೊಟ್ಟೆ. ಆಮೇಲೆ ಅದನ್ನು ಅಳಿಸುವುದು ಮರೆತುಹೋಯಿತು. ಹೊರಡುವ ಹೊತ್ತಿಗೆ ಗೆಳತಿ, ‘ಹೊಸಾದರದೂ ಒಂದು ಬ್ಯಾಕಪ್ ನನ್ನ ಬಲ್ಲಿ ಇರ್ಲಿ’ ಎಂದಳು. ನನಗಿಂತ ಇವಳಿಗೇ ಕಾಳಜಿ ಹೆಚ್ಚು ಎಂದು ಮನಸ್ಸು ತುಂಬಿ ಬಂತು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಅಪ್ಪ ಕೋಟೆಯ ಕಡೆ ವಾಕಿಂಗ್ ಮುಗಿಸಿ ಬಂದವರೇ ನನ್ನನ್ನು ಕರೆದರು.

‘ಅಲ್ಲವ್ವಾ, ಯಾರೋ ಫೋನ್ ಹಚ್ಚಿ ಸಜ್ಜಿರೊಟ್ಟಿ ಅವರು ಅದಾರೇನ್ರಿ ಅಂತ ಕೇಳಾಕತ್ತಾರ. ಸಜ್ಜಿರೊಟ್ಟಿ ಸಂಕ್ರಮಣಕ್ಕ ಮಾಡ್ತಾರಪಾ, ಈಗ ಎಲ್ಲಿಂದ ತರ್ಲಿ ಅಂದೆ. ಬಿಳಿ ಕಲೆಗೆ ಚಲೋ ಮುಲಾಮು ಅದ ಅಂತ ಅವರದು.’

ನಕ್ಕೆ. ನಗು ಅರ್ಧದಲ್ಲೇ ನಿಂತಿತು. ಸಜ್ಜಿರೊಟ್ಟಿ ಹುಟ್ಟಿದ್ದೇ ಆ ಭಾನುವಾರ, ಅದೂ ಹೊಸ ಸರ್ವರಿನಲ್ಲಿ. ಆ ಹೆಸರು, ಆ ನಂಬರು ಎರಡೂ ಒಟ್ಟಿಗೆ ಇದ್ದದ್ದು ನನ್ನ ಬಳಿ, ಬಿಟ್ಟರೆ ಅವಳ ಬ್ಯಾಕಪ್ಪಿನಲ್ಲಿ. ಅವಳ ಗಂಡ ಜಗತ್ ಸರ್ಕಲ್ಲಿನ ಹತ್ತಿರವೇ ಔಷಧದ ಅಂಗಡಿ ತೆರೆದಿದ್ದ. ಉದ್ಘಾಟನೆಗೆ ಹೋಗಿ ಪೇಢೆ ತಿಂದು ಬಂದಿದ್ದೆನಲ್ಲ ನಾನು!

ಅದೇ ದಿನ ಅಂಗಡಿಗೆ ಹೋದೆ. ಗೆಳತಿಯೇ ಕೌಂಟರಿನಲ್ಲಿದ್ದಳು. ಇಲ್ಲ ಅನ್ನುತ್ತಾಳೆ, ನಾಲ್ಕು ಸುಳ್ಳಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಅಷ್ಟು ಮರ್ಯಾದೆಯನ್ನೂ ಕೊಡಲಿಲ್ಲ.

‘ಅವರಿಗೆ ಚಲೋ ಆಗ್ಲಿ ಅಂತ ಕೊಟ್ಟೀನಿ. ಔಷಧ ಬ್ಯಾಡ ಅನ್ನಾವ್ರು ಯಾರದಾರ, ಹೇಳು?’

‘ಮತ್ತ ನೀ ನಿನ್ನ ಬೆರಳಿಗೆ ಹಚ್ಚಿಕೊಂಡೀಯೇನು?’

ಅವಳು ಕೈಗಳನ್ನು ಕೌಂಟರಿನ ಕೆಳಗೆ ಎಳೆದುಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ನನ್ನ ಜೊತೆ ಕೂತು, ಒಂದೇ ತಟ್ಟೆಯಲ್ಲಿ ಭಜಿ ತಿಂದು, ನನ್ನ ಕಣ್ಣೆದುರಿಗೇ ಆ ಬ್ಯಾಕಪ್ಪನ್ನು ಕೇಳಿ ಪಡೆದಿದ್ದಳು. ಮನೆಗೆ ಬಂದು ಸರ್ವರಿನ ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ಕಣ್ಣು ಉರಿಯುವಷ್ಟು ಅತ್ತೆ. ಹೋದದ್ದು ಹೋಗಿತ್ತು.

ವೇದಿಕೆಯಲ್ಲಿ ನನಗೊಬ್ಬಳಿಗೇ ಕಾಣುವಂತೆ ಕೆಂಪುಬಾಳೆ ಬರೆದಿದ್ದಳು: ‘ಅಕ್ಕಾ, ಫೋನ್ ಅಣ್ಣ ಎತ್ತಿದ.’ ಮುಂದೆ ಏನೂ ಇಲ್ಲ. ಹಿಂದೆ ಲಗ್ನಕ್ಕೆ ಬರಲೇಬೇಕೆಂದು ಮನೆಯ ಗುರುತು ಹೇಳಿದ್ದಳು. ಮರುದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ನನ್ನ ಕುತ್ತಿಗೆ ನೋಡಿಯೇ ಗುರುತು ಹಿಡಿದಳು. ಅವಳ ಅವ್ವ ಚಹಾ ತಂದಿಟ್ಟು ಒಳಗೆ ಹೋದರು. ನಡೆದದ್ದನ್ನು ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ಮುಚ್ಚಿಟ್ಟೆವು ಅನ್ನಿಸಿಕೊಳ್ಳುವುದು ಬೇಡವೆಂದು ಅಣ್ಣ ಆ ಸಂಜೆಯೇ ಬೀಗರಿಗೆ ತಿಳಿಸಿದ. ಅವರ ಮನೆಯ ಹೆಂಗಸರು ಬಂದು, ಇವಳನ್ನು ಒಳಗಿನ ಕೋಣೆಗೆ ಕರೆದೊಯ್ದು, ಸೀರೆ ಸರಿಸಿ ಸೊಂಟ ನೋಡಿದರು. ನೋಡಿ, ಇಷ್ಟೇ ತಾನೆ, ನಡೀತದ ಅಂದರಂತೆ.

‘ಲಗ್ನ ಮುರಿದಿಲ್ರಿ. ಎಲ್ಲರೂ ಪುಣ್ಯಾ ಮಾಡಿದ್ದಿ ಅಂತಾರ. ನನ್ನ ಲಗ್ನ ಆಗಾವ್ರಿಗೆ ಹೇಳಾಕ ನನ್ನ ಬಲ್ಲಿ ಈಗ ಏನೂ ಉಳಿದಿಲ್ಲ’ ಎಂದಳು.

ನಾನು ಗೆಳತಿಯ ವಿಷಯ ಹೇಳಿದೆ. ಅವಳು ಬ್ಯಾಕಪ್ ಕೇಳಿದ್ದು, ನಾನು ನಂಬಿದ್ದು, ನನಗೂ ಮೋಸವಾದದ್ದು, ಎಲ್ಲ. ಹೇಳುತ್ತ ನನ್ನ ದನಿ ಏರಿತ್ತು. ಹುಡುಗಿ ಪೂರ್ತಿ ಕೇಳಿಸಿಕೊಂಡಳು.

‘ಅವರ್ಯಾರೋ ನನಗ ಗೊತ್ತಿಲ್ರಿ ಅಕ್ಕಾ’ ಅಂದಳು. ‘ನಾ ನಂಬರ್ ಕೊಟ್ಟಿದ್ದು ನಿಮಗ.’